ಕಾಲೋನಿಗೆ ನೀರು ಏರುತ್ತಿಲ್ಲ: ಮೂರನೇ ಬೋರ್ ಕೊರೆಸುವ ಮುಂಚೆ ನೋಡಬೇಕಾದ್ದು

ಓದುಗರ ಪ್ರಶ್ನೆ:

ನಮಸ್ಕಾರ ಸರ್. ನಮ್ಮದು ಶಿರಾ ತಾಲ್ಲೂಕಿನ ಒಂದು ಹಳ್ಳಿ, ಸುಮಾರು 240 ಮನೆ ಇದೆ. ಎರಡು ಬೋರ್‌ವೆಲ್, 50 ಸಾವಿರ ಲೀಟರಿನ ಒಂದು ಓವರ್‌ಹೆಡ್ ಟ್ಯಾಂಕ್. ಮನೆ ಮನೆಗೆ ನಲ್ಲಿ ಹಾಕಿ ಎರಡು ವರ್ಷ ಆಯ್ತು. ಕೆಳಗಿನ ಬೀದಿಗೆ ದಿನಾ ಎರಡು ಗಂಟೆ ನೀರು ಬರುತ್ತೆ. ನಮ್ಮ ಕಾಲೋನಿ ದಿಬ್ಬದ ಮೇಲಿದೆ, ಇಪ್ಪತ್ತು ನಿಮಿಷ ಬಂದ್ರೆ ಜಾಸ್ತಿ. ಕೆಲವರು ನಲ್ಲಿಗೇ ಮೋಟರ್ ಹಾಕಿ ಎಳೀತಾರೆ. ಹೋದ ತಿಂಗಳು ನಾಲ್ಕು ದಿನ ಕಂದು ಬಣ್ಣದ, ವಾಸನೆ ನೀರು ಬಂತು, ಮಕ್ಕಳಿಗೆ ಭೇದಿ ಆಯ್ತು. ಈಗ ಪಂಚಾಯ್ತಿಯವರು ತಿಂಗಳಿಗೆ 100 ರೂಪಾಯಿ ಕಟ್ಟಿ ಅಂತಾರೆ. ನೀರೇ ಬರದೆ ಯಾಕೆ ಕಟ್ಟಬೇಕು ಅಂತ ನಮ್ಮವರು, ನೀರು ದೇವರು ಕೊಟ್ಟಿದ್ದು ಅದಕ್ಕೆ ದುಡ್ಡು ಯಾಕೆ ಅಂತ ಕೆಳಗಿನ ಬೀದಿಯವರು. ಮೂರನೇ ಬೋರ್ ಕೊರೆಸಿದ್ರೆ ಎಲ್ಲ ಸರಿಹೋಗುತ್ತೆ ಅಂತ ಮೆಂಬರ್ ಹೇಳ್ತಾರೆ. ವಾಟರ್‌ಮ್ಯಾನ್ ಬದಲಾಯಿಸಿ ಅಂತ ಇನ್ನು ಕೆಲವರು. ನೀರಿನ ಸಮಿತಿ ಅಂತ ಒಂದು ಇದೆಯಂತೆ, ಅದರಲ್ಲಿ ಯಾರಿದ್ದಾರೆ ಅಂತಾನೇ ಗೊತ್ತಿಲ್ಲ. ನಾನು ಸ್ವಸಹಾಯ ಸಂಘದಲ್ಲಿದ್ದೀನಿ. ನಾವು ಏನು ಮಾಡಬಹುದು, ಯಾರನ್ನ ಕೇಳಬೇಕು?

ಉತ್ತರ:

ನಿಮ್ಮ ಪತ್ರದಲ್ಲಿ ಐದಾರು ಪ್ರಶ್ನೆ ಇದೆ. ಆದರೆ ಚಿಂತೆ ಒಂದೇ ಅಂತ ನನಗೆ ಅನ್ನಿಸುತ್ತದೆ. ಊರಲ್ಲಿ ನೀರು ಇರುವುದು ಕಣ್ಣಿಗೆ ಕಾಣುತ್ತಿದೆ, ಅದು ನಿಮ್ಮ ಬೀದಿಗೆ ಮಾತ್ರ ಬರುತ್ತಿಲ್ಲ, ಮತ್ತು ಇದನ್ನು ಕೇಳಬೇಕಾದ ಜಾಗ ಯಾವುದು ಅನ್ನುವುದೇ ಗೊತ್ತಿಲ್ಲ. ಗ್ರಾಮೀಣ ನೀರು ಸರಬರಾಜಿನ ಕೆಲಸದಲ್ಲೇ ಕೂದಲು ಬೆಳ್ಳಗಾದವನು ನಾನು. ನೀವು ಬರೆದಂಥ ಊರುಗಳನ್ನು ಬಹಳ ನೋಡಿದ್ದೇನೆ. ಮೂರನೇ ಬೋರ್‌ನಿಂದ ಸರಿಹೋದ ಊರು ಕಡಿಮೆ. ನಿಮ್ಮೂರಿಗೆ ಈಗ ಬೇಕಾಗಿರುವುದು ಎರಡು ಮೂರು ವಾಲ್ವ್, ಒಂದು ಲೆಕ್ಕದ ಪುಸ್ತಕ, ಆ ಪುಸ್ತಕ ನೋಡುವ ಹತ್ತು ಜನ. ಯಾಕೆ ಹೀಗೆ ಹೇಳುತ್ತೇನೆ ಅಂತ ಲೆಕ್ಕ ಹಾಕಿಯೇ ತೋರಿಸುತ್ತೇನೆ.

240 ಮನೆ, ಮನೆಗೆ ಐದು ಜನ ಅಂದರೆ 1,200 ಜನ. ಜಲ ಜೀವನ್ ಮಿಷನ್, ನಮ್ಮ ರಾಜ್ಯದಲ್ಲಿ ‘ಮನೆ ಮನೆಗೆ ಗಂಗೆ’ ಅಂತ ಕರೆಯುವ ಯೋಜನೆ, ತಲೆಗೆ ದಿನಕ್ಕೆ 55 ಲೀಟರ್ ಕೊಡಬೇಕು ಅನ್ನುತ್ತದೆ. ಹಾಗಾದರೆ ನಿಮ್ಮೂರಿಗೆ ದಿನಕ್ಕೆ 66 ಸಾವಿರ ಲೀಟರ್ ಬೇಕು. ನಿಮ್ಮ ಟ್ಯಾಂಕ್ 50 ಸಾವಿರದ್ದು. ಖಾಲಿ ಟ್ಯಾಂಕ್ ತುಂಬಲು ಎಷ್ಟು ಹೊತ್ತು ಬೇಕು ಅಂತ ವಾಟರ್‌ಮ್ಯಾನ್ ಹತ್ತಿರ ಕೇಳಿ, ಅಥವಾ ನೀವೇ ಗಡಿಯಾರ ಹಿಡಿದು ನೋಡಿ. ಐದು ಗಂಟೆ ಅಂದರೆ ಗಂಟೆಗೆ 10 ಸಾವಿರ ಲೀಟರ್ ಬರುತ್ತಿದೆ. ಏಳು ಗಂಟೆ ಮೋಟರ್ ಓಡಿದರೆ 70 ಸಾವಿರ. ಅಂದರೆ ಜನಕ್ಕೆ ಬೇಕಾದಷ್ಟು ನೀರು ಇದೆ. ದನಗಳಿಗೆ ಮಾತ್ರ ಬೇರೆ ಲೆಕ್ಕ ಇಡಬೇಕು, ಯಾಕೆಂದರೆ 55 ಲೀಟರ್ ಅನ್ನುವುದು ಮನುಷ್ಯರ ಲೆಕ್ಕ, ಅದರಲ್ಲಿ ಸೀಮೆಹಸು ಸೇರಿಲ್ಲ. ಟ್ಯಾಂಕ್ ತುಂಬಲು ಹತ್ತು ಗಂಟೆ ಬೇಕು ಅಂತ ಗೊತ್ತಾದರೆ ಮಾತು ಬೇರೆ, ಆಗ ನಿಜಕ್ಕೂ ನೀರಿನ ಕೊರತೆ ಇದೆ. ಬೇಸಿಗೆಯಲ್ಲಿ ಒಂದು ಸಲ, ಮಳೆಗಾಲ ಮುಗಿದ ಮೇಲೆ ಒಂದು ಸಲ ಈ ಅಳತೆ ತೆಗೆದು ಬರೆದಿಟ್ಟರೆ ಸಾಕು, ಬೋರ್ ಬೇಕೋ ಬೇಡವೋ ಅನ್ನುವ ಜಗಳ ಅರ್ಧ ಮುಗಿಯುತ್ತದೆ.

ಇನ್ನೊಂದು ಪರೀಕ್ಷೆ ಇದೆ, ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ರಾತ್ರಿ ಹನ್ನೊಂದಕ್ಕೆ ಟ್ಯಾಂಕ್ ತುಂಬಿಸಿ, ಮೋಟರ್ ನಿಲ್ಲಿಸಿ, ಊರಿಗೆ ಹೋಗುವ ವಾಲ್ವ್ ತೆರೆದೇ ಬಿಡಿ. ಮನೆಯವರಿಗೆಲ್ಲ ನಲ್ಲಿ ಮುಚ್ಚಿಡಿ ಅಂತ ಮೊದಲೇ ಹೇಳಿರಿ. ಬೆಳಗ್ಗೆ ಐದಕ್ಕೆ ಟ್ಯಾಂಕ್‌ನಲ್ಲಿ ನೀರು ಎಷ್ಟು ಇಳಿದಿದೆ ಅಂತ ವಾಟರ್‌ಮ್ಯಾನ್ ಹತ್ತಿ ಗಳದಲ್ಲಿ ಅಳೆಯಲಿ. ಟ್ಯಾಂಕ್ ಒಳಗಿನ ಆಳ ಮೂರು ಮೀಟರ್ ಇದ್ದರೆ ಹತ್ತು ಸೆಂಟಿಮೀಟರ್ ಇಳಿದಿದ್ದಕ್ಕೆ ಸುಮಾರು 1,700 ಲೀಟರ್ ಹೋಯಿತು ಅಂತ ಅರ್ಥ. ಅರ್ಧ ಮೀಟರ್ ಇಳಿದಿದ್ದರೆ ರಾತ್ರಿಯೊಂದರಲ್ಲೇ ಎಂಟು ಸಾವಿರ ಲೀಟರಿಗಿಂತ ಜಾಸ್ತಿ ಮಣ್ಣಿಗೋ ಚರಂಡಿಗೋ ಹೋಗಿದೆ. ಎಲ್ಲಿಂದ ಅಂತ ಹುಡುಕುವುದೂ ಕಷ್ಟವಲ್ಲ. ಬೆಳಗಿನ ಜಾವ ಊರು ಸುಮ್ಮನಿರುವಾಗ ಬೀದಿಯಲ್ಲಿ ನಡೆದರೆ ನೀರು ಹರಿಯುವ ಸದ್ದು ಕೇಳುತ್ತದೆ. ಒಡೆದ ಪೈಪ್ ಒಂದು ಕಡೆ, ಟ್ಯಾಪ್ ಇಲ್ಲದ ನಲ್ಲಿ ಹತ್ತು ಕಡೆ, ಇದೇ ಸಾಮಾನ್ಯ.

ಈಗ ನಿಮ್ಮ ದಿಬ್ಬದ ವಿಷಯ. ನೀರು ತಗ್ಗಿಗೆ ಹರಿಯುತ್ತದೆ. ಒಂದೇ ವಾಲ್ವ್ ತೆರೆದು ಇಡೀ ಊರಿಗೆ ಒಟ್ಟಿಗೆ ಬಿಟ್ಟರೆ ಕೆಳಗಿನ ಬೀದಿಯ ಎಲ್ಲ ನಲ್ಲಿ ತುಂಬಿ, ಅವರೆಲ್ಲ ಸಾಕು ಅಂತ ನಿಲ್ಲಿಸಿದ ಮೇಲೆ ಉಳಿದ ಒತ್ತಡದಲ್ಲಿ ನಿಮ್ಮ ಕಡೆಗೆ ನೀರು ಏರುತ್ತದೆ. ಅಷ್ಟು ಹೊತ್ತಿಗೆ ಟ್ಯಾಂಕೂ ಅರ್ಧ ಖಾಲಿಯಾಗಿರುತ್ತದೆ. ಹಾಗಾಗಿ ಇಪ್ಪತ್ತು ನಿಮಿಷ. ಇದಕ್ಕೆ ಪರಿಹಾರ ಊರನ್ನು ಎರಡು ಭಾಗ ಮಾಡಿ ನಡುವೆ ವಾಲ್ವ್ ಕೂರಿಸುವುದು. ಟ್ಯಾಂಕ್ ತುಂಬಿದ ತಕ್ಷಣ ಮೊದಲು ದಿಬ್ಬಕ್ಕೆ ಬಿಡಬೇಕು, ಆಗ ಕೆಳಗಿನ ವಾಲ್ವ್ ಮುಚ್ಚಿರಬೇಕು. ಮುಕ್ಕಾಲು ಗಂಟೆ ಆದ ಮೇಲೆ ಕೆಳಗಿನ ಬೀದಿಗೆ. ಮೂರಿಂಚಿನ ಗೇಟ್ ವಾಲ್ವ್ ಎರಡು, ಅದಕ್ಕೊಂದು ಚೇಂಬರ್, ಎಲ್ಲ ಸೇರಿ ಕೆಲವು ಸಾವಿರ ರೂಪಾಯಿಯ ಕೆಲಸ. ಬೋರ್ ಕೊರೆಸಿ, ಕೇಸಿಂಗ್ ಇಳಿಸಿ, ಮೋಟರ್ ಬಿಟ್ಟು, ಕರೆಂಟ್ ಎಳೆಯುವುದಕ್ಕೆ ಲಕ್ಷಗಟ್ಟಲೆ ಬೇಕು. ಇಷ್ಟಕ್ಕೂ ಹೊಸ ಬೋರ್‌ನ ನೀರೂ ಇದೇ ಟ್ಯಾಂಕಿಗೆ ಬಂದು ಇದೇ ಪೈಪಿನಲ್ಲಿ ಕೆಳಗಿನ ಬೀದಿಗೇ ಮೊದಲು ಹೋಗುತ್ತದೆ, ಅಲ್ವಾ?

ಇಲ್ಲಿ ಒಂದು ಮಾತು ನೇರವಾಗಿ ಹೇಳಬೇಕು. ಪೈಪಿನ ಕೊನೆಯಲ್ಲಿ ಕಾಲೋನಿ ಇರುವುದು ನಿಮ್ಮೂರಲ್ಲಿ ಮಾತ್ರ ಅಲ್ಲ. ಟ್ಯಾಂಕ್ ಎಲ್ಲಿ ಕಟ್ಟಬೇಕು, ಪೈಪ್ ಮೊದಲು ಯಾವ ಬೀದಿಗೆ ಹೋಗಬೇಕು ಅನ್ನುವುದನ್ನು ತೀರ್ಮಾನ ಮಾಡುವಾಗ ಕಾಲೋನಿಯವರು ಆ ಮಾತಿನಲ್ಲಿ ಇರಲಿಲ್ಲ. ನೀರು ಏರದಿರುವುದಕ್ಕೆ ಇಳಿಜಾರು ಒಂದು ಕಾರಣ, ಆ ಇಳಿಜಾರಿಗೆ ತಕ್ಕ ಹಾಗೆ ವಾಲ್ವ್ ಇಡಿ ಅಂತ ಕೇಳುವವರು ಇಲ್ಲದಿದ್ದದ್ದು ಇನ್ನೊಂದು ಕಾರಣ. ವಾಲ್ವ್ ಕೂರಿಸಿದ ಮೇಲೂ ‘ಮೊದಲು ದಿಬ್ಬಕ್ಕೆ’ ಅನ್ನುವ ಸರದಿ ಬರಹದಲ್ಲಿ ಇರಬೇಕು, ಪಂಚಾಯ್ತಿ ಗೋಡೆ ಮೇಲೆ, ಟ್ಯಾಂಕ್ ಕಂಬದ ಮೇಲೆ ಬಣ್ಣದಲ್ಲಿ ಬರೆಸಿರಬೇಕು. ಬಾಯಿಮಾತಿನ ಸರದಿ ಒಂದು ಹಬ್ಬ ಕಳೆಯುವುದರೊಳಗೆ ಹಳೇ ದಾರಿಗೆ ಬರುತ್ತದೆ.

ಕಂದು ನೀರಿನ ವಿಷಯಕ್ಕೆ ಬರೋಣ. ನನಗೆ ಎಲ್ಲಕ್ಕಿಂತ ಜಾಸ್ತಿ ಭಯ ಇದರದ್ದೇ. 2023ರ ಆಗಸ್ಟಿನಲ್ಲಿ ನಿಮ್ಮ ಪಕ್ಕದ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಸತ್ತರು, ನೆನಪಿರಬಹುದು. ನಿಮ್ಮೂರಲ್ಲಿ ಮಕ್ಕಳಿಗೆ ಭೇದಿ ಆಗಿ ವಾಸಿಯಾಗಿದೆ. ಅಷ್ಟಕ್ಕೆ ಮುಗಿಯಿತು ಅಂತ ಬಿಡಬೇಡಿ.

ಮೊದಲು ಕೇಳಬೇಕಾದ್ದು, ಆ ನೀರು ಎಲ್ಲ ಮನೆಗೂ ಬಂತೋ ನಿಮ್ಮ ಬೀದಿಗೆ ಮಾತ್ರವೋ ಅಂತ. ಊರಿಗೆಲ್ಲ ಬಂದಿದ್ದರೆ ಟ್ಯಾಂಕ್‌ನಲ್ಲೋ ಬೋರ್‌ನಲ್ಲೋ ದೋಷ. ಒಂದು ಬೀದಿಗೆ ಮಾತ್ರ ಬಂದಿದ್ದರೆ ಆ ಬೀದಿಯ ಪೈಪಿನಲ್ಲಿ. ನೀವು ಬರೆದದ್ದು ನೋಡಿದರೆ ಎರಡನೆಯದೇ ಇರಬಹುದು ಅನ್ನಿಸುತ್ತದೆ, ಯಾಕೆಂದರೆ ಮೋಟರ್ ಹಾಕಿ ಎಳೆಯುತ್ತಾರೆ ಅಂತ ಬರೆದಿದ್ದೀರಿ. ಒತ್ತಡ ಕಡಿಮೆ ಇರುವ ಊರಲ್ಲಿ ಜನ ಏನು ಮಾಡುತ್ತಾರೆ ಅಂತ ನಿಮಗೂ ಗೊತ್ತು. ಮನೆ ಮುಂದೆ ಮೂರು ನಾಲ್ಕು ಅಡಿ ಗುಂಡಿ ತೋಡುತ್ತಾರೆ. ನೆಲಕ್ಕಿಂತ ಕೆಳಗೆ ಪೈಪ್ ಕತ್ತರಿಸಿ, ಅಲ್ಲಿ ಬಿಂದಿಗೆ ಇಟ್ಟು ಹಿಡಿಯುತ್ತಾರೆ. ಟ್ಯಾಪ್ ಇರುವುದಿಲ್ಲ, ಒಂದು ಕಡ್ಡಿಯೋ ಬಟ್ಟೆಯೋ ತುರುಕಿರುತ್ತಾರೆ. ಮಳೆ ಬಂದಾಗ, ಪಾತ್ರೆ ತೊಳೆದಾಗ ಆ ಗುಂಡಿಯಲ್ಲಿ ನೀರು ನಿಲ್ಲುತ್ತದೆ, ಪೈಪಿನ ಬಾಯಿ ಅದರಲ್ಲಿ ಮುಳುಗಿರುತ್ತದೆ. ವಾಲ್ವ್ ಮುಚ್ಚಿದ ಮೇಲೆ ಪೈಪಿನಲ್ಲಿದ್ದ ನೀರು ತಗ್ಗಿನ ಕಡೆಗೆ ಇಳಿಯುವಾಗ ಗುಂಡಿಯ ಕೊಳೆ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಮೋಟರ್ ಹಾಕಿದಾಗಲೂ ಇದೇ ಆಗುತ್ತದೆ, ಇನ್ನೂ ಜೋರಾಗಿ. ಚರಂಡಿ ದಾಟುವ ಜಾಗದಲ್ಲಿ ಪೈಪಿಗೆ ಒಂದು ಸಣ್ಣ ಬಿರುಕು ಇದ್ದರೂ ಸಾಕು, ಮೋಟರ್ ಚರಂಡಿ ನೀರನ್ನೇ ಎಳೆದು ತರುತ್ತದೆ. ಮೋಟರ್ ಹಾಕಿದವರ ಮನೆಗೆ ಮಾತ್ರ ಅಲ್ಲ, ಮಾರನೇ ದಿನ ನೀರು ಬಿಟ್ಟಾಗ ಮುಂದಿನ ಮನೆಗಳಿಗೆಲ್ಲ ಅದು ಹೋಗುತ್ತದೆ. ಕೊನೆಯ ಮನೆಗಳಿಗೆ ಜಾಸ್ತಿ.

ಹಾಗಾಗಿ ಗುಂಡಿ ಮುಚ್ಚಿಸುವುದು, ನಲ್ಲಿಯನ್ನು ನೆಲದಿಂದ ಎರಡು ಅಡಿ ಮೇಲೆ ತರುವುದು, ಚರಂಡಿಯೊಳಗೆ ಹೋಗಿರುವ ಪೈಪನ್ನು ಎತ್ತಿ ಬೇರೆ ಕಡೆ ಹಾಕುವುದು, ಈ ಮೂರು ಕೆಲಸ ಮೊದಲು. ಮೋಟರ್ ಹಾಕುವವರನ್ನು ಬೈದು ಪ್ರಯೋಜನ ಇಲ್ಲ. ನೀರು ಸರಿಯಾಗಿ ಏರದಿರುವುದಕ್ಕೇ ಬಹಳ ಜನ ಹಾಕುತ್ತಾರೆ. ಸರದಿ ಪ್ರಕಾರ ನೀರು ಬಿಟ್ಟು, ಎರಡು ವಾರ ಸಮಯ ಕೊಟ್ಟು, ಆಮೇಲೂ ಹಾಕಿದರೆ ಮೋಟರ್ ಜಪ್ತಿ ಮಾಡುತ್ತೇವೆ ಅಂತ ಪಂಚಾಯ್ತಿ ಡಂಗುರ ಹೊಡೆಸಲಿ. ಆಗ ಊರೂ ಒಪ್ಪುತ್ತದೆ.

ಬ್ಲೀಚಿಂಗ್ ಪೌಡರ್ ಬಗ್ಗೆ ಎರಡು ಮಾತು. ಅದರಿಂದ ಕೂದಲು ಉದುರುತ್ತದೆ, ಗಂಡಸುತನ ಹೋಗುತ್ತದೆ ಅಂತೆಲ್ಲ ಹಳ್ಳಿಯಲ್ಲಿ ಮಾತಿದೆ. ನೀರಿಗೆ ಹಾಕುವ ಪ್ರಮಾಣದಲ್ಲಿ ಅಂಥದ್ದೇನೂ ಆಗುವುದಿಲ್ಲ. ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಒಳ್ಳೇ ಪೌಡರ್ ಅನ್ನುವುದು ಸಾಮಾನ್ಯ ಲೆಕ್ಕ, ನಿಮ್ಮ ಟ್ಯಾಂಕಿಗೆ ಸುಮಾರು 125 ಗ್ರಾಂ. ಆದರೆ ಪಂಚಾಯ್ತಿ ಮೂಲೆಯಲ್ಲಿ ಬಾಯಿ ಬಿಚ್ಚಿಟ್ಟ ಚೀಲದ ಪೌಡರ್‌ಗೆ ಒಂದು ಮಳೆಗಾಲ ಕಳೆದ ಮೇಲೆ ಘಾಟೇ ಇರುವುದಿಲ್ಲ. ಅದನ್ನು ಎಷ್ಟು ಸುರಿದರೂ ಸುಣ್ಣ ಸುರಿದಂತೆಯೇ. ಪೌಡರನ್ನು ನೇರ ಟ್ಯಾಂಕಿಗೆ ಹಾಕಬಾರದು. ಬಕೆಟ್‌ನಲ್ಲಿ ಕಲಸಿ, ಗಸಿ ಕೂತ ಮೇಲೆ ಮೇಲಿನ ತಿಳಿ ಮಾತ್ರ ಟ್ಯಾಂಕಿಗೆ ಬಿಟ್ಟು, ಅರ್ಧ ಗಂಟೆಯಾದರೂ ಬಿಟ್ಟು ಊರಿಗೆ ನೀರು ಕೊಡಬೇಕು. ಸರಿಯಾಗಿ ಬಿದ್ದಿದೆಯೋ ಇಲ್ಲವೋ ನೋಡಬೇಕಾದ್ದು ಟ್ಯಾಂಕ್ ಹತ್ತಿರ ಅಲ್ಲ, ನಿಮ್ಮ ಕಾಲೋನಿಯ ಕೊನೇ ನಲ್ಲಿಯಲ್ಲಿ. ಅಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು.

ಇದನ್ನು ನೋಡುವ ಕಿಟ್ ಪ್ರತಿ ಊರಲ್ಲೂ ಇರಬೇಕು, ಊರಿಗೆ ಐದು ಜನ ಮಹಿಳೆಯರಿಗೆ ತರಬೇತಿ ಕೊಡಬೇಕು ಅಂತ ಜಲ ಜೀವನ್ ಮಿಷನ್‌ನ ನಿಯಮವೇ ಇದೆ. ಸ್ವಸಹಾಯ ಸಂಘದಲ್ಲಿರುವ ನಿಮ್ಮಂಥವರನ್ನೇ ಇದಕ್ಕೆ ಆರಿಸುವುದು. ಕಿಟ್‌ನೊಳಗೆ ಒಂದು ಪುಟ್ಟ ಸೀಸೆ ಇರುತ್ತದೆ. ಅದರಲ್ಲಿ ನಲ್ಲಿ ನೀರು ತುಂಬಿ ಒಂದೆರಡು ದಿನ ಬೆಚ್ಚಗಿನ ಜಾಗದಲ್ಲಿ ಇಟ್ಟಾಗ ನೀರು ಕಪ್ಪಾದರೆ ಮಲದ ಸೋಂಕು ಇದೆ ಅಂತ ಅನುಮಾನ ಪಡಬೇಕು. ಕಪ್ಪಾದ ಸೀಸೆಯನ್ನು ಗ್ರಾಮಸಭೆಯ ಮೇಜಿನ ಮೇಲೆ ಇಟ್ಟಾಗ ಅದುವರೆಗೆ ‘ನೀರು ಚೆನ್ನಾಗಿದೆ ಬಿಡಿ’ ಅನ್ನುತ್ತಿದ್ದವರು ಸುಮ್ಮನಾದದ್ದನ್ನು ನಾನು ನೋಡಿದ್ದೇನೆ. ಈ ಕಿಟ್ ಪಂಚಾಯ್ತಿಯ ಬೀರುವಿನಲ್ಲಿ ಸೀಲ್ ಒಡೆಯದೆ ಕೂತಿರುವ ಸಾಧ್ಯತೆ ಇದೆ, ಕೇಳಿ ಪಡೆಯಿರಿ. ಒಳಗಿನ ಔಷಧಿಗಳ ಅವಧಿ ಮುಗಿದಿಲ್ಲವೇ ಅಂತಲೂ ನೋಡಿ.

ನಿಮ್ಮ ಕಡೆ ಫ್ಲೋರೈಡ್ ಕೂಡ ಇದೆ, ಅದನ್ನು ಇದರ ಜೊತೆ ಬೆರೆಸಬೇಡಿ. ಲೀಟರಿಗೆ ಒಂದು ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರು ಸಿಗದಿದ್ದಾಗ 1.5ರ ತನಕ ಒಪ್ಪಬಹುದು ಅಂತ ಮಾನದಂಡ ಇದೆ. ಬ್ಲೀಚಿಂಗ್‌ನಿಂದ ಫ್ಲೋರೈಡ್ ಹೋಗುವುದಿಲ್ಲ. ನೀರು ಕಾಯಿಸಿದರೂ ಹೋಗುವುದಿಲ್ಲ, ನೀರು ಆವಿಯಾಗಿ ಉಳಿದದ್ದರಲ್ಲಿ ಸ್ವಲ್ಪ ಜಾಸ್ತಿಯೇ ಆಗುತ್ತದೆ. ಅದಕ್ಕೆ ಶುದ್ಧ ನೀರಿನ ಘಟಕವೋ, ನದಿ ನೀರಿನ ಬಹುಗ್ರಾಮ ಯೋಜನೆಯೋ ಬೇಕು. ಘಟಕದ ಕ್ಯಾನ್ ನೀರು ಕುಡಿಯಲು, ಅಡುಗೆಗೆ ಇರಲಿ. ಹಾಗಂತ ನಲ್ಲಿ ನೀರು ಹೇಗಿದ್ದರೂ ನಡೆಯುತ್ತದೆ ಅಂತ ಬಿಡಲಾಗದು. ಮಗು ಬಾಯಿ ಮುಕ್ಕಳಿಸುವುದು, ತರಕಾರಿ ತೊಳೆಯುವುದು, ಕ್ಯಾನ್ ಖಾಲಿಯಾದ ರಾತ್ರಿ ಕುಡಿಯುವುದು ಎಲ್ಲ ಆ ನೀರೇ.

ಇನ್ನು ಯಾರನ್ನು ಕೇಳಬೇಕು ಅನ್ನುವ ಪ್ರಶ್ನೆ. ಸಂವಿಧಾನದ 73ನೇ ತಿದ್ದುಪಡಿ ಆದ ಮೇಲೆ, ನಮ್ಮ 1993ರ ಪಂಚಾಯತ್ ರಾಜ್ ಕಾಯ್ದೆ ಬಂದ ಮೇಲೆ, ಊರಿಗೆ ಕುಡಿಯುವ ನೀರು ಕೊಡುವುದು ಗ್ರಾಮ ಪಂಚಾಯ್ತಿಯ ಕೆಲಸ. ಟ್ಯಾಂಕ್, ಪೈಪ್ ಕಟ್ಟಿಕೊಡುವುದು ಗ್ರಾಮೀಣ ಕುಡಿಯುವ ನೀರು ಇಲಾಖೆ, ಅದರ ಗುತ್ತಿಗೆದಾರರು. ಕೆಲಸ ಮುಗಿದ ಮೇಲೆ ಪಂಚಾಯ್ತಿಗೆ ಹಸ್ತಾಂತರ. ಅಲ್ಲಿಂದ ಮುಂದೆ ಎಲ್ಲ ಪಂಚಾಯ್ತಿ ತಲೆ ಮೇಲೆ. ಈ ಹಸ್ತಾಂತರದ ದಿನ ಬಹಳ ಮುಖ್ಯ. ಯಾವ ಬೀದಿಯಲ್ಲಿ ಎಷ್ಟು ಇಂಚಿನ ಪೈಪ್ ಎಷ್ಟು ಆಳದಲ್ಲಿದೆ, ವಾಲ್ವ್ ಎಲ್ಲೆಲ್ಲಿ ಇದೆ ಅನ್ನುವ ನಕ್ಷೆ ಪಂಚಾಯ್ತಿ ಕೈಗೆ ಬರಬೇಕು. ಗುತ್ತಿಗೆದಾರರು ಇಷ್ಟು ಕಾಲ ತಮ್ಮ ಖರ್ಚಿನಲ್ಲೇ ದುರಸ್ತಿ ಮಾಡಿಕೊಡಬೇಕು ಅಂತ ಕರಾರಿನಲ್ಲಿ ಇರುತ್ತದೆ. ನಿಮ್ಮದು ಎರಡೇ ವರ್ಷದ ಕೆಲಸ, ಆ ಅವಧಿ ಇನ್ನೂ ಇದೆಯೇ ಅಂತ ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಹತ್ತಿರ ಕರಾರು ಪತ್ರ ತೆಗೆಸಿ ನೋಡಿ. ಇದ್ದರೆ ಚರಂಡಿಯೊಳಗಿನ ಪೈಪ್ ಎತ್ತಿ ಹಾಕುವುದು ಅವರ ಖರ್ಚಿನಲ್ಲೇ ಆಗಬಹುದು.

ನೀವು ಕೇಳಿದ ಸಮಿತಿಗೆ ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿ ಅಂತ ಹೆಸರು. ಅದು ಪಂಚಾಯ್ತಿಯ ಉಪಸಮಿತಿ, ಪಂಚಾಯ್ತಿಗಿಂತ ಮೇಲಲ್ಲ. ಹತ್ತರಿಂದ ಹದಿನೈದು ಜನ ಇರಬೇಕು. ಅದರಲ್ಲಿ ಚುನಾಯಿತ ಸದಸ್ಯರು ಕಾಲು ಭಾಗ ಮೀರಬಾರದು. ಅರ್ಧ ಹೆಂಗಸರು. ಪರಿಶಿಷ್ಟ ಜಾತಿ, ಪಂಗಡ ಸೇರಿದಂತೆ ದುರ್ಬಲ ವರ್ಗದವರಿಗೆ ಕಾಲು ಭಾಗ. ಸಾಮಾನ್ಯವಾಗಿ ಆಗುವುದೇನೆಂದರೆ ಕಾಮಗಾರಿ ಮಂಜೂರಾಗಲು ಸಮಿತಿ ಪಟ್ಟಿ ಬೇಕು ಅಂತ ಒಂದು ಸಂಜೆ ಹೆಸರು ಬರೆದು ಕಳಿಸಿರುತ್ತಾರೆ, ಹೆಸರಿದ್ದವರಿಗೇ ಗೊತ್ತಿರುವುದಿಲ್ಲ. ನಿಮ್ಮ ಹೆಸರೇ ಅದರಲ್ಲಿ ಇದ್ದರೂ ಆಶ್ಚರ್ಯ ಇಲ್ಲ. ಪಟ್ಟಿಯ ನಕಲು ಕೇಳಿ. ಜನ ಒಪ್ಪದಿದ್ದರೆ ಗ್ರಾಮಸಭೆಯಲ್ಲಿ ಹೊಸದಾಗಿ ಮಾಡಿ ಅಂತ ಕೇಳುವ ಹಕ್ಕು ನಿಮಗಿದೆ.

ದುಡ್ಡಿನ ಮಾತು. ನೀರು ದೇವರದ್ದು ಅನ್ನುವುದನ್ನು ನಾನು ತಳ್ಳಿಹಾಕುವುದಿಲ್ಲ. ಮುನ್ನೂರು ಅಡಿ ಕೆಳಗಿನಿಂದ ಅದನ್ನು ಎತ್ತುವುದಕ್ಕೆ ಮಾತ್ರ ಕರೆಂಟ್ ಬೇಕು. ಏಳೂವರೆ ಎಚ್‌ಪಿ ಮೋಟರ್ ಗಂಟೆಗೆ ಆರೂವರೆ ಯೂನಿಟ್ ತಿನ್ನುತ್ತದೆ. ದಿನಕ್ಕೆ ಏಳು ಗಂಟೆ ಓಡಿದರೆ 45 ಯೂನಿಟ್, ತಿಂಗಳಿಗೆ 1,350. ಯೂನಿಟ್‌ಗೆ 7 ರೂಪಾಯಿ ಅಂತ ಹಿಡಿದರೆ ಒಂಬತ್ತೂವರೆ ಸಾವಿರ, ನಿಮ್ಮ ಬಿಲ್ಲಿನ ದರ ನೋಡಿ ತಿದ್ದಿಕೊಳ್ಳಿ. ವರ್ಷಕ್ಕೊಮ್ಮೆ ಮೋಟರ್ ಸುಡುತ್ತದೆ, ಎತ್ತುವುದು, ವೈಂಡಿಂಗ್, ಇಳಿಸುವುದು ಅಂತ ತಿಂಗಳಿಗೆ ಎರಡೂವರೆ ಸಾವಿರ ಎತ್ತಿಡಬೇಕು. ಪೌಡರ್, ಸಣ್ಣಪುಟ್ಟ ಪೈಪ್ ಸಾಮಾನು ಒಂದು ಸಾವಿರ. ಒಟ್ಟು 13 ಸಾವಿರ, ಮನೆಗೆ 54 ರೂಪಾಯಿ. ವಾಟರ್‌ಮ್ಯಾನ್ ಸಂಬಳ ಒಂದು 15 ಸಾವಿರ ಅಂತ ಸೇರಿಸಿದರೆ 117. ಹಾಗಾಗಿ ನೂರು ರೂಪಾಯಿ ಅನ್ನುವುದು ಸುಲಿಗೆಯ ಲೆಕ್ಕ ಅಲ್ಲ. ಸರ್ಕಾರ ದುಡ್ಡು ಕೊಡುತ್ತದೆ ಅನ್ನುವುದೂ ಪೂರ್ತಿ ಸುಳ್ಳಲ್ಲ. 15ನೇ ಹಣಕಾಸು ಆಯೋಗ 2021ರಿಂದ 2026ರವರೆಗೆ ಕೊಟ್ಟ ಅನುದಾನದಲ್ಲಿ ನೂರಕ್ಕೆ 60 ಭಾಗ ನೀರು, ನೈರ್ಮಲ್ಯಕ್ಕೇ ಮೀಸಲಾಗಿತ್ತು, ಅದರ ಅರ್ಧ ಕುಡಿಯುವ ನೀರು, ಮಳೆನೀರು ಕೊಯ್ಲು, ನೀರಿನ ಮರುಬಳಕೆಗೆ. ಆದರೆ ಇಂಥ ಅನುದಾನ ಪಂಚಾಯ್ತಿಯ ಎಲ್ಲ ಹಳ್ಳಿಗೂ ಹಂಚಬೇಕಾದ ದುಡ್ಡು, ಬರುವುದೂ ಕಂತಿನಲ್ಲಿ. ಏಪ್ರಿಲ್‌ನಲ್ಲಿ ಮೋಟರ್ ಸುಟ್ಟ ದಿನ ಊರ ಖಾತೆಯಲ್ಲಿ ದುಡ್ಡಿದ್ದರೆ ಮಾರನೇ ದಿನ ನೀರು. ಇಲ್ಲದಿದ್ದರೆ ಟ್ಯಾಂಕರ್‌ಗೆ ಕಾಯಬೇಕು.

ನೀರು ಬರದೆ ಯಾಕೆ ಕಟ್ಟಬೇಕು ಅನ್ನುವ ನಿಮ್ಮವರ ಮಾತು ನ್ಯಾಯವೇ. ನನ್ನ ಸಲಹೆ ಇಷ್ಟು: ಮೊದಲು ಸರದಿ ಜಾರಿಯಾಗಲಿ, ಒಂದು ತಿಂಗಳು ಎಲ್ಲ ಬೀದಿಗೂ ಸಮ ನೀರು ಬರಲಿ, ಅದರ ಮುಂದಿನ ತಿಂಗಳಿಂದ ವಸೂಲಿ. ಪ್ರತಿ ತಿಂಗಳು ಬಂದ ದುಡ್ಡು, ಖರ್ಚಾದ ದುಡ್ಡು, ಕಟ್ಟಿದ ಮನೆ ಎಷ್ಟು ಅನ್ನುವುದನ್ನು ಹಾಲಿನ ಡೇರಿ ಮುಂದೆ ಹಲಗೆ ಮೇಲೆ ಬರೆಯಲಿ. ಜನ ದುಡ್ಡು ಕೊಡದಿರುವುದು ಬಡತನಕ್ಕಿಂತ ಜಾಸ್ತಿ ಅನುಮಾನದಿಂದ. ಕೂಲಿ ಮನೆಗಳು, ಒಂಟಿ ಮುದುಕರು ಇದ್ದರೆ ಗ್ರಾಮಸಭೆಯಲ್ಲೇ ಹೆಸರು ಹೇಳಿ ಕಡಿಮೆ ಮಾಡಿ. ಅವರ ನಲ್ಲಿ ಕತ್ತರಿಸುವ ಮಾತು ಬೇಡ. ತಿಂಗಳಿಗೆ ಆಗದವರು ಕಡಲೆಕಾಯಿ ಕಿತ್ತ ಮೇಲೆ ವರ್ಷದ್ದು ಒಟ್ಟಿಗೆ ಕಟ್ಟಲಿ. ಹಿಂದೆ ಕೆರೆಯ ತೂಬಿನ ಕೆಲಸ ಮಾಡುತ್ತಿದ್ದ ನೀರಗಂಟಿಗೂ ಸುಗ್ಗಿಯಲ್ಲಿ ಕಣದಲ್ಲೇ ಕಾಳು ಅಳೆದು ಕೊಡುತ್ತಿದ್ದರು. ತೂಬಿಗೆ ಬೇರೆ ಯಾರೂ ಕೈ ಹಾಕುವ ಹಾಗಿರಲಿಲ್ಲ ಅನ್ನುವುದೂ ಆ ವ್ಯವಸ್ಥೆಯ ಭಾಗವೇ.

ಮೀಟರ್ ಹಾಕಿಸಬಹುದು. ದಕ್ಷಿಣ ಕನ್ನಡದ ಅನೇಕ ಪಂಚಾಯ್ತಿಗಳಲ್ಲಿ ಮೀಟರ್ ನೋಡಿ ಬಿಲ್ ಕೊಡುವುದು ಬಹಳ ಹಿಂದಿನಿಂದ ಇದೆ. ಎಷ್ಟು ಬಳಸಿದರೆ ಅಷ್ಟು ದುಡ್ಡು, ತೆಂಗಿನ ಗಿಡಕ್ಕೆ ಬಿಡುವವರು ತಾವಾಗಿ ಕಡಿಮೆ ಮಾಡುತ್ತಾರೆ. ಆದರೆ ಗಾಳಿಗೆ ಮೀಟರ್ ತಿರುಗುತ್ತದೆ ಅನ್ನುವ ದೂರಿನಲ್ಲಿ ಸತ್ಯ ಇದೆ. ದಿನಕ್ಕೊಮ್ಮೆ ನೀರು ಬಿಡುವ ಊರಲ್ಲಿ ಖಾಲಿ ಪೈಪಿನ ಗಾಳಿ ಮುಂದೆ ಬಂದು ಮೀಟರ್ ತಿರುಗಿಸುತ್ತದೆ, ಅದೂ ದಿಬ್ಬದ ಮನೆಗಳಲ್ಲಿ ಜಾಸ್ತಿ. ಏರಿನ ತುದಿಯಲ್ಲಿ ಗಾಳಿ ಹೊರಗೆ ಬಿಡುವ ಏರ್ ವಾಲ್ವ್ ಹಾಕದೆ ಮೀಟರ್ ಹಾಕಿದರೆ ನೀರು ಕಡಿಮೆ ಸಿಕ್ಕವರಿಗೇ ಬಿಲ್ ಜಾಸ್ತಿ ಬರುತ್ತದೆ. ಸದ್ಯ ನಿಮ್ಮೂರಿಗೆ ಮೀಟರ್ ಬೇಡ. ಸರದಿ ಒಂದು ವರ್ಷ ನಿಲ್ಲಲಿ.

ಖಾಸಗಿಯವರಿಗೆ ಗುತ್ತಿಗೆ ಕೊಡುವುದು ಒಂದು ದಾರಿ. ದುರಸ್ತಿ ಬೇಗ ಆಗಬಹುದು. ವಸೂಲಿ ಕಡಿಮೆಯಾದ ತಿಂಗಳು ಅವರು ಕೈ ಎತ್ತಿದರೆ ಊರಲ್ಲಿ ವಾಲ್ವ್ ಎಲ್ಲಿದೆ ಅಂತ ಗೊತ್ತಿರುವವರೇ ಇರುವುದಿಲ್ಲ, ಇಷ್ಟು ಸಣ್ಣ ಊರಿಗೆ ಆ ಅಪಾಯ ದೊಡ್ಡದು. ಬೀದಿಗೊಂದು ಬೋರ್ ಅನ್ನುವುದು ಇನ್ನೂ ಕೆಟ್ಟದ್ದು. ಒಂದರ ನೀರನ್ನು ಇನ್ನೊಂದು ಎಳೆಯುತ್ತದೆ, ಕರೆಂಟ್ ಬಿಲ್ ಏರುತ್ತದೆ, ಬೀದಿಗಳು ಬೇರೆ ಬೇರೆಯಾಗುತ್ತವೆ. ಬೇಸಿಗೆಯ ಅಳತೆಯಲ್ಲಿ ನಿಜಕ್ಕೂ ಕೊರತೆ ಕಂಡರೆ ಮೊದಲು ಹತ್ತಿರದ ರೈತರ ಬೋರ್ ಬಾಡಿಗೆಗೆ ಪಡೆಯುವುದನ್ನು ನೋಡಿ, ನಮ್ಮ ರಾಜ್ಯದಲ್ಲಿ ಬರಗಾಲದಲ್ಲಿ ಇದು ಮಾಮೂಲು. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಕುಡಿಯುವ ನೀರಿನ ಸಾರ್ವಜನಿಕ ಮೂಲದಿಂದ 500 ಮೀಟರ್ ಒಳಗೆ ಅನುಮತಿ ಇಲ್ಲದೆ ಹೊಸ ಬೋರ್ ಕೊರೆಯುವ ಹಾಗಿಲ್ಲ ಅಂತ ನಮ್ಮ ರಾಜ್ಯದ 1999ರ ಅಂತರ್ಜಲ ಕಾಯ್ದೆ ಹೇಳುತ್ತದೆ. ನಿಮ್ಮ ಊರ ಬೋರ್ ಪಕ್ಕದಲ್ಲಿ ಯಾರಾದರೂ ಅಡಿಕೆಗೆ ಅಂತ ಹೊಸದಾಗಿ ಕೊರೆಸಲು ಹೊರಟರೆ ಗಾಡಿ ಬರುವ ಮೊದಲೇ ಪಂಚಾಯ್ತಿ ಬರಹದಲ್ಲಿ ಆಕ್ಷೇಪ ಹಾಕಬೇಕು, ಕೊರೆದ ಮೇಲೆ ಕಷ್ಟ.

ವಾಟರ್‌ಮ್ಯಾನ್ ಬದಲಾಯಿಸಬೇಡಿ, ಕೆಲಸದಲ್ಲಿ ಮೋಸ ಕಂಡರೆ ಬೇರೆ ಮಾತು. ಆತನಿಗೆ ಯಾವ ಬೀದಿಗೆ ಎಷ್ಟು ಹೊತ್ತು ಅಂತ ಯಾರೂ ಬರೆದುಕೊಟ್ಟಿಲ್ಲ. ಗಟ್ಟಿ ದನಿಯವರು ಬಂದು ಇನ್ನೂ ಹತ್ತು ನಿಮಿಷ ಬಿಡು ಅಂದರೆ ಆತ ಬಿಡುತ್ತಾನೆ, ಆ ಹತ್ತು ನಿಮಿಷ ಹೋಗುವುದು ನಿಮ್ಮ ಪಾಲಿನದ್ದು. ಸಂಬಳವೂ ತಿಂಗಳು ತಿಂಗಳು ಬರುತ್ತಿದೆಯೋ ಇಲ್ಲವೋ ವಿಚಾರಿಸಿ. ಸಮಿತಿಯ ಸಹಿ ಇರುವ ಸರದಿ ಪಟ್ಟಿ ಕೈಯಲ್ಲಿದ್ದರೆ ‘ಪಟ್ಟಿ ನೋಡಣ್ಣ, ನನ್ನ ಕೈಲಿಲ್ಲ’ ಅನ್ನುವ ಧೈರ್ಯ ಆತನಿಗೂ ಬರುತ್ತದೆ. ವಾಲ್ವ್ ಚೇಂಬರ್‌ಗೆ ಬೀಗ ಹಾಕಿಸಿ. ಕೀ ಎರಡು ಇರಲಿ, ಒಂದು ಆತನ ಹತ್ತಿರ, ಇನ್ನೊಂದು ಸಮಿತಿಯ ಒಬ್ಬ ಹೆಣ್ಣುಮಗಳ ಹತ್ತಿರ.

ನೀವೊಬ್ಬರೇ ಹೋಗಿ ಪಂಚಾಯ್ತಿಯಲ್ಲಿ ಕೇಳಿದರೆ ‘ನೋಡೋಣಮ್ಮ’ ಅನ್ನುತ್ತಾರೆ. ಸಂಘದ ಹತ್ತು ಜನ ಹೋಗಿ, ಕೆಳಗಿನ ಬೀದಿಯ ಸಂಘದವರನ್ನೂ ಒಬ್ಬಿಬ್ಬರನ್ನು ಕರೆದುಕೊಂಡು ಹೋಗಿ, ಯಾಕೆಂದರೆ ಭೇದಿ ಅವರ ಮಕ್ಕಳಿಗೂ ಆಗಬಹುದು. ಮುಂದಿನ ವಾರ್ಡ್ ಸಭೆ, ಗ್ರಾಮಸಭೆ ಯಾವತ್ತು ಅಂತ ಪಿಡಿಒ ಹತ್ತಿರ ಕೇಳಿ ಬರೆದುಕೊಳ್ಳಿ. ವರ್ಷಕ್ಕೊಮ್ಮೆ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರ ನಡುವೆ ಜಮಾಬಂದಿ ನಡೆಯುತ್ತದೆ, ಅವತ್ತು ಪಂಚಾಯ್ತಿಯ ಲೆಕ್ಕ ಜನರ ಮುಂದೆ ಇಡಲೇಬೇಕು, ನೀರಿಗೆ ಎಷ್ಟು ಖರ್ಚಾಯಿತು ಅಂತ ಅಲ್ಲಿ ಕೇಳಬಹುದು. ಸಭೆಗೆ ಹೋಗುವಾಗ ಟ್ಯಾಂಕ್ ತುಂಬುವ ಹೊತ್ತು, ರಾತ್ರಿ ಇಳಿದ ಅಳತೆ, ಒಂದು ವಾರ ನಿಮ್ಮ ಬೀದಿಗೆ ಎಷ್ಟು ನಿಮಿಷ ನೀರು ಬಂತು ಅನ್ನುವುದನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಕೇಳಬೇಕಾದ್ದು ನಾಲ್ಕೇ: ಎರಡು ವಾಲ್ವ್, ಬರಹದ ಸರದಿ, ಸಮಿತಿಯ ಪಟ್ಟಿ, ಪೈಪಿನ ನಕ್ಷೆ. ತೀರ್ಮಾನ ಆದದ್ದನ್ನು ನಡವಳಿ ಪುಸ್ತಕದಲ್ಲಿ ಬರೆಸಿ, ಓದಿಸಿ, ಆಮೇಲೆ ಸಹಿ ಹಾಕಿ. ಖಾಲಿ ಹಾಳೆಗೆ ಸಹಿ ಹಾಕಬೇಡಿ. ನಕಲು ಕೊಡದಿದ್ದರೆ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, 30 ದಿನದಲ್ಲಿ ಕೊಡಬೇಕು. ನಕ್ಷೆ ಸಿಕ್ಕಿದ ಮೇಲೆ ವಾಲ್ವ್ ಎಲ್ಲಿ ಕೂರಿಸಬೇಕು ಅನ್ನುವ ಅನುಮಾನ ಬಂದರೆ ಮತ್ತೆ ಬರೆಯಿರಿ, ಟ್ಯಾಂಕ್ ಯಾವ ಮೂಲೆಯಲ್ಲಿದೆ, ಏರು ಎಲ್ಲಿಂದ ಶುರುವಾಗುತ್ತದೆ ಅಂತ ಕೈಯಲ್ಲೇ ಗೀಚಿ ಕಳಿಸಿದರೂ ಸಾಕು.